ರೈತರ ಹೊಲದಲ್ಲಿ ಒಣಬೇಸಾಯದ ಪ್ರಯೋಗ ಹಾಕುವುದು ಹೇಗೆ

ನನ್ನ ವೃತ್ತಿಯೆಲ್ಲ ಮಳೆ ನಂಬಿದ ಬೆಳೆಗಳ ಜೊತೆಗೇ ಕಳೆದಿದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಇದು: ನಿಮ್ಮ ತಳಿಯನ್ನು ರೈತರು ಈಗ ಮಾಡುತ್ತಿರುವ ಬೇಸಾಯದ ಜೊತೆಗೇ ಹೋಲಿಸಿ. ಅವರ ಬೀಜ, ಅವರ ಗೊಬ್ಬರ, ಅವರ ಸಾಲಿನ ಅಂತರ. ರೈತರ ಪದ್ಧತಿಗೆ ಬಿಟ್ಟ ತಾಕನ್ನು, ಅಂದರೆ ಪ್ರಯೋಗದ ಆ ತುಂಡು ಜಾಗವನ್ನು, ಸುಮ್ನೆ ಹೆಸರಿಗೆ ಇಡಬೇಡಿ. ನಿಮ್ಮ ತಾಕಿನಷ್ಟೇ ಜೋಪಾನವಾಗಿ ಅದನ್ನೂ ಅಳೆಯಿರಿ.

ಜಾಗ ಗುರುತಿಸುವ ಮುಂಚೆ ರೈತರ ಜೊತೆ ಹೊಲ ಸುತ್ತಿ. ನೀರು ಎಲ್ಲಿ ನಿಲ್ಲುತ್ತದೆ, ಮಣ್ಣು ಎಲ್ಲಿ ತೆಳುವಾಗಿದೆ, ಹೋದ ವರ್ಷ ಗೊಬ್ಬರ ಎಲ್ಲಿ ಬಿದ್ದಿತ್ತು, ಎಲ್ಲ ಅವರಿಗೆ ಗೊತ್ತಿರುತ್ತದೆ. ಇಳಿಜಾರಿನ ಕೆಳಭಾಗದಲ್ಲಿ ಸಾಮಾನ್ಯವಾಗಿ ತೇವ ಜಾಸ್ತಿ. ಹಾಗಾಗಿ ಒಂದು ಬ್ಲಾಕಿನ (ಎಲ್ಲ ತಳಿಗಳೂ ಒಂದೊಂದು ಸಲ ಬರುವ ತಾಕುಗಳ ಗುಂಪು) ತಾಕುಗಳೆಲ್ಲ ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿರಲಿ. ಮುಂದಿನ ಬ್ಲಾಕು ಅದರ ಕೆಳಗೆ. ಯಾವ ತಾಕಿಗೆ ಯಾವ ತಳಿ ಅನ್ನೋದನ್ನು ಚೀಟಿ ಎತ್ತಿ ನಿರ್ಧರಿಸಿ.

ಹಿಡುವಳಿ ತೀರಾ ಚಿಕ್ಕದಾದರೆ? 1990ರ ದಶಕದಲ್ಲಿ ಆಫ್ರಿಕಾದ ಮಲಾವಿಯಲ್ಲಿ ಕೃಷಿ ವಿಜ್ಞಾನಿ ಸೀಗ್ಲಿಂಡ್ ಸ್ನ್ಯಾಪ್ ರೂಪಿಸಿದ ತಾಯಿ-ಮಗು ಪ್ರಯೋಗ ನನಗೆ ತುಂಬಾ ಇಷ್ಟ. ಊರಿನ ಒಂದು ಕಡೆ ಎಲ್ಲ ಪದ್ಧತಿಗಳೂ ಇರುವ ದೊಡ್ಡ ಪ್ರಯೋಗ. ಸುತ್ತಲಿನ ರೈತರು ಅದರಲ್ಲಿ ತಮಗೆ ಬೇಕಾದ ಕೆಲವನ್ನಷ್ಟೇ ತಮ್ಮ ಹೊಲದಲ್ಲಿ ಹಾಕುತ್ತಾರೆ. ಯಾರ ಮೇಲೂ ಭಾರ ಬೀಳುವುದಿಲ್ಲ.

ಮಳೆಮಾಪಕ ಆ ಹೊಲದಲ್ಲೇ ಇರಬೇಕು. ದೂರದ ಕೇಂದ್ರದ ಅಂಕಿ ಸಾಲದು. ಒಂದು ಹೊಲಕ್ಕೆ ಬಿದ್ದ ಮಳೆ ಪಕ್ಕದ ಹೊಲಕ್ಕೆ ಬೀಳದೆ ಹೋಗಬಹುದು, ಅಲ್ವಾ? 10 ಮಿ.ಮೀ. ಮಳೆ ಅಂದರೆ ಹೆಕ್ಟೇರಿಗೆ 1 ಲಕ್ಷ ಲೀಟರ್ ನೀರು. ಮೊಳಕೆ ಬಂದ ಮೇಲೆ ಸಸಿ ಎಣಿಸಿ. ಹೂ ಬಿಟ್ಟ ದಿನ ಬರೆದಿಡಿ. ಬರ ಬಿದ್ದದ್ದು ಹೂವಿಗೆ ಮುಂಚೆಯೋ, ಕಾಳು ಕಟ್ಟುವಾಗಲೋ ಎಂದು ತಿಳಿಯದಿದ್ದರೆ ಇಳುವರಿ ಯಾಕೆ ಕುಸಿಯಿತು ಅನ್ನೋದು ಅರ್ಥವಾಗುವುದಿಲ್ಲ.

ಕೊಯ್ಲಿನಲ್ಲಿ ಅಂಚಿನ ಸಾಲುಗಳನ್ನು ಬಿಟ್ಟುಬಿಡಿ. ಅವಕ್ಕೆ ಬೆಳಕು, ತೇವ ಎರಡೂ ಜಾಸ್ತಿ ಸಿಕ್ಕಿರುತ್ತದೆ. ನಡುವೆ 5 ಮೀಟರ್ ಉದ್ದ, 4 ಮೀಟರ್ ಅಗಲದ ಜಾಗ ಕೊಯ್ದು, ಕಾಳು ಚೆನ್ನಾಗಿ ಒಣಗಿಸಿ ತೂಗಿ. ಅಲ್ಲಿ 1 ಕಿಲೋ ಸಿಕ್ಕರೆ ಹೆಕ್ಟೇರಿಗೆ 500 ಕಿಲೋ.

ಮೇವನ್ನೂ ತೂಗಿ. ಇದನ್ನು ಬಿಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕಾಳು ಹೆಚ್ಚು ಕೊಟ್ಟ ಗಿಡ್ಡ ತಳಿಯನ್ನು ದನ ಸಾಕುವ ರೈತ ಬೇಡ ಅನ್ನುವುದು ಮೇವಿಗಾಗಿಯೇ. ಬೆಳೆ ಒಣಗಿಹೋದ ವರ್ಷದ ಅಂಕಿಗಳನ್ನಂತೂ ಕೈಬಿಡಲೇಬೇಡಿ. ಮಳೆ ಕೈಕೊಟ್ಟಾಗ ಯಾವ ತಳಿ ಬೀಜದ ಖರ್ಚಾದರೂ ವಾಪಸ್ ಕೊಟ್ಟಿತು ಎಂದು ರೈತರು ಕೇಳಿದಾಗ, ಉತ್ತರ ಇರುವುದು ಆ ಪುಟದಲ್ಲೇ.