ಕ್ಲಾಸ್ ಡಿ ಆಂಪ್ಲಿಫೈಯರ್ ಬೋರ್ಡ್: ವ್ಯಾಟ್ ಆಮೇಲೆ, ಮೊದಲು ಅಡಾಪ್ಟರ್ ನೋಡಿ

ಕ್ಲಾಸ್ ಡಿ ಅಂದರೆ ವೇಗವಾಗಿ ಆನ್-ಆಫ್ ಆಗುತ್ತಾ ಸ್ಪೀಕರ್‌ಗೆ ಶಕ್ತಿ ಕೊಡುವ ಆಂಪ್ಲಿಫೈಯರ್. ಇಂಥ ಬೋರ್ಡ್ ಜಾಹೀರಾತಿನಲ್ಲಿ '50+50 ವ್ಯಾಟ್' ಅಂತ ಇದ್ದರೆ ಸುಮ್ನೆ ನಂಬಬೇಡಿ. ಇಂಥ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಕಾಣುವ ಟಿಪಿಎ3116 ಆಂಪ್ಲಿಫೈಯರ್ ಚಿಪ್ ಅಷ್ಟು ಕೊಡುವುದು 21 ವೋಲ್ಟ್ ಸಪ್ಲೈ, 4 ಓಮ್ ಸ್ಪೀಕರ್ ಇದ್ದಾಗ. ಅದೂ ಶೇ 10ರಷ್ಟು ಡಿಸ್ಟಾರ್ಷನ್ (ಧ್ವನಿ ಕೆಡುವುದು) ಜೊತೆ. ಆ ಮಟ್ಟದಲ್ಲಿ ಹಾಡು ಕೇಳುವುದು ಕಷ್ಟ ಅಲ್ವಾ?

ನಿಜವಾಗಿ ಎಷ್ಟು ವ್ಯಾಟ್ ಸಿಗುತ್ತದೆ ಅನ್ನುವ ಲೆಕ್ಕ ಸುಲಭ. ವೋಲ್ಟ್ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಸ್ಪೀಕರ್ ಓಮ್‌ನ ಎರಡರಷ್ಟರಿಂದ ಭಾಗಿಸಿ. 12 ವೋಲ್ಟ್, 8 ಓಮ್ ಆದರೆ ಒಂದು ಚಾನೆಲ್‌ಗೆ ಹೆಚ್ಚೆಂದರೆ 9 ವ್ಯಾಟ್. ಅದೇ ಸ್ಪೀಕರ್‌ಗೆ 19 ವೋಲ್ಟಿನ ಹಳೇ ಲ್ಯಾಪ್‌ಟಾಪ್ ಅಡಾಪ್ಟರ್ ಹಾಕಿದರೆ ಸುಮಾರು 22. ಒಂದು ರೂಮಿಗೆ ಧಾರಾಳ. ನನಗಂತೂ ಈ ಅಡಾಪ್ಟರೇ ಇಷ್ಟ. 3 ಆಂಪಿಯರ್‌ಗಿಂತ ಜಾಸ್ತಿ ಕೊಡುವಂಥದ್ದಾದರೆ ಬಾಸ್ ಬಂದಾಗಲೂ ಸೋಲುವುದಿಲ್ಲ.

24 ವೋಲ್ಟ್ ಹಾಕುವ ಆಸೆ ಇದ್ದರೆ ಬೋರ್ಡಿನ ದೊಡ್ಡ ಕೆಪಾಸಿಟರ್ ಮೇಲೆ ಬರೆದಿರುವ ವೋಲ್ಟ್ ಮಿತಿಯನ್ನು ಓದಿ. 25 ವೋಲ್ಟ್ ಅಂತಿದ್ದರೆ ಬೇಡ, 35 ಇರಲಿ. ಈ ಚಿಪ್ ನಡೆಯುವುದೇ 26 ವೋಲ್ಟ್‌ವರೆಗೆ.

ಯುಎಸ್‌ಬಿಯ 5 ವೋಲ್ಟಿನಲ್ಲೇ ನಡೆಯಬೇಕಾ? ಪುಟ್ಟ ಪಿಎಎಂ8403 ಚಿಪ್ ಇರುವ ಬೋರ್ಡ್ ಸಾಕು.

ಇನ್ನೊಂದು ಮಾತು. ಇದನ್ನು ಮರೆತು ನಾನೇ ಒಂದು ಬೋರ್ಡ್ ಸುಟ್ಟಿದ್ದೇನೆ. ಇವುಗಳಲ್ಲಿ ಸ್ಪೀಕರ್‌ನ ಮೈನಸ್ ವೈರ್ ಗ್ರೌಂಡ್ ಅಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ. ಎರಡು ಸ್ಪೀಕರ್‌ಗಳ ಮೈನಸ್ ಒಟ್ಟಿಗೆ ಸೇರಿಸಬೇಡಿ, ಗ್ರೌಂಡಿಗೂ ತಾಗಿಸಬೇಡಿ. ಹಳೇ ಸ್ಟೀರಿಯೋ ಸೆಟ್ಟಿನ, ಎರಡೂ ಸ್ಪೀಕರ್‌ಗೆ ಒಂದೇ ಮೈನಸ್ ಇರುವ ಮೂರು ವೈರಿನ ಕೇಬಲ್ ಇದ್ದರೆ ಪಕ್ಕಕ್ಕಿಟ್ಟು, ಒಂದೊಂದು ಸ್ಪೀಕರ್‌ಗೂ ಬೇರೆ ಜೋಡಿ ವೈರ್ ಎಳೆಯಿರಿ.