ಮಳೆಗಾಲದ ಚಾರಣಕ್ಕೆ ಯಾವ ಕ್ಯಾಮೆರಾ?

ಕ್ಯಾಮೆರಾವನ್ನು ಹೆಚ್ಚಾಗಿ ಎಲ್ಲಿ ಬಳಸುವಿರಿ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಿ. ಆಗುಂಬೆಯ ಜಡಿಮಳೆಯಲ್ಲಿ ನಡೆಯುವವರಿಗೆ, 15 ಮೀಟರ್ ಆಳದ ನೀರನ್ನೂ 2.1 ಮೀಟರ್ ಎತ್ತರದಿಂದ ಬೀಳುವುದನ್ನೂ ತಾಳುವಂತೆ ರೂಪಿಸಲಾದ ಒಲಿಂಪಸ್ ಟಿಜಿ-6ರಂತಹ ಗಟ್ಟಿಮುಟ್ಟಾದ ಪುಟ್ಟ ಕ್ಯಾಮೆರಾ ಸಾಕು. ಎಲೆಯ ಮೇಲಿನ ಕೀಟವನ್ನು 1 ಸೆಂಟಿಮೀಟರ್ ಹತ್ತಿರದಿಂದಲೂ ಅದು ಸೆರೆಹಿಡಿಯುತ್ತದೆ. ಆದರೆ ಬ್ಯಾಟರಿ ಬಾಗಿಲಿನ ರಬ್ಬರ್ ಅಂಚಿಗೆ ಮರಳೋ ಕೂದಲೋ ಸಿಕ್ಕಿಕೊಂಡರೆ ನೀರು ಒಳನುಗ್ಗುತ್ತದೆ. ಪ್ರತಿ ಸಲವೂ ಒರೆಸಿ ಮುಚ್ಚಬೇಕು.

ಕ್ಯಾನನ್ 1500ಡಿಯಂತಹ ಹೊಸಬರಿಗೆ ಹೊಂದುವ, ಲೆನ್ಸ್ ಬದಲಿಸಬಹುದಾದ ಡಿಎಸ್‌ಎಲ್‌ಆರ್‌ನ ಸೆನ್ಸರ್ (ಬೆಳಕನ್ನು ಗ್ರಹಿಸಿ ಚಿತ್ರ ಮೂಡಿಸುವ ಭಾಗ) ವಿಸ್ತೀರ್ಣದಲ್ಲಿ ಟಿಜಿ-6ರ ಸೆನ್ಸರ್‌ಗಿಂತ ಸುಮಾರು 12 ಪಟ್ಟು ದೊಡ್ಡದಾದ್ದರಿಂದ, ಕಾಡಿನ ಮಬ್ಬು ಬೆಳಕಿನಲ್ಲೂ ಚಿತ್ರವು ಅಷ್ಟಾಗಿ ಕಾಳುಕಾಳಾಗದೆ ಮೂಡುತ್ತದೆ. ದೂರದ ಹಕ್ಕಿಗಳೇ ನಿಮ್ಮ ಆಸಕ್ತಿಯಾದರೆ ಇದನ್ನೇ ಆರಿಸಿ, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಹಾಗೂ ಕ್ಯಾಮೆರಾದ ಮಳೆಗವಸಿನ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.