ಬಂಗುಡೆಯ ಪ್ರೋಟೀನಿಗೆ ಆಕ್ಸಿಜನ್ ಸೇರಿದ್ದು ಎಲ್ಲಿ?

ಐಸ್‌ನಲ್ಲಿಟ್ಟ ಬಂಗುಡೆಯೂ ದಿನ ಕಳೆದಂತೆ ಕೆಡುತ್ತದೆ. ಕೊಬ್ಬು ಕೆಡುವುದನ್ನು ತುಂಬಾ ಜನ ಅಳೆದಿದ್ದಾರೆ. ನಾನು ನೋಡಲು ಹೊರಟಿದ್ದು ಪ್ರೋಟೀನನ್ನು, ಅದರಲ್ಲೂ ಅದರ ಒಂದು ಅಮೈನೋ ಆಮ್ಲವಾದ ಮಿಥಿಯೋನಿನ್‌ಗೆ ಆಕ್ಸಿಜನ್ ಸೇರುವುದನ್ನು. ಸೇರಿದರೆ ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಆ ಪೆಪ್ಟೈಡ್ (ಪ್ರೋಟೀನಿನ ತುಣುಕು) 15.995 ಡಾಲ್ಟನ್ (ಅಣುತೂಕದ ಅಳತೆ) ಜಾಸ್ತಿ ತೂಗುತ್ತದೆ. ಇಷ್ಟು ಸುಲಭ. ಕಷ್ಟ ಏನೆಂದರೆ, ಅದು ಮೀನಿನಲ್ಲೇ ಸೇರಿದ್ದೋ, ಆಮೇಲೆ ನನ್ನ ಟ್ಯೂಬಿನಲ್ಲಿ ಸೇರಿದ್ದೋ ಅಂತ ಗೊತ್ತಾಗಬೇಕಲ್ವಾ? ಪ್ರೋಟೀನನ್ನು ಕತ್ತರಿಸುವ ಟ್ರಿಪ್ಸಿನ್ ಹಾಕಿ ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ಟರೆ ಗಾಳಿಯ ಆಕ್ಸಿಜನ್ನೇ ಸಾಕು.

ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನಿಂದ ಇಳಿಯುತ್ತಿದ್ದಂತೆ ಮೀನು ತೆಗೆದುಕೊಳ್ಳುತ್ತಿದ್ದೆ. ಚರ್ಮದ ಕೆಳಗಿನ ಕೆಂಪು ಮಾಂಸವನ್ನು ಬೇರೆಯಾಗಿಯೇ ಇಡಬೇಕು. ಅದರಲ್ಲಿ ಮಯೋಗ್ಲೋಬಿನ್ ಜಾಸ್ತಿ, ಅದರ ಕಬ್ಬಿಣ ಆಕ್ಸಿಡೇಶನ್‌ಗೆ ದಾರಿ ಮಾಡಿಕೊಡುತ್ತದೆ. ಅರೆಯುವ ಬಫರ್‌ಗೆ ಮೊದಲೇ ಕಬ್ಬಿಣವನ್ನು ಹಿಡಿದಿಡುವ ಇಡಿಟಿಎ ಹಾಕಿ, ಆಕ್ಸಿಜನ್ ಹೊರಹೋಗಲೆಂದು ನೈಟ್ರೋಜನ್ ಹರಿಸಿಡುತ್ತಿದ್ದೆ.

ಆದರೂ ನಂಬಿಕೆ ಬಂದದ್ದು ಭಾರದ ಆಕ್ಸಿಜನ್ (ಆಕ್ಸಿಜನ್-18) ಇರುವ ಹೈಡ್ರೋಜನ್ ಪೆರಾಕ್ಸೈಡ್ ಬಳಸಿದ ಮೇಲೆ. ಇದು ದುಬಾರಿ, ಆರಿಸಿದ ಸ್ಯಾಂಪಲ್‌ಗಳಿಗಷ್ಟೇ ಹಾಕಿದೆ. ಇದನ್ನು ಶುರುವಿನಲ್ಲೇ ಹಾಕಿದರೆ ಇನ್ನೂ ಹಾಗೇ ಉಳಿದ ಮಿಥಿಯೋನಿನ್‌ಗಳೆಲ್ಲ ಆಕ್ಸಿಜನ್-18 ಹಿಡಿದುಕೊಳ್ಳುತ್ತವೆ. ಆಮೇಲೆ ಗಾಳಿಯ ಆಕ್ಸಿಜನ್‌ಗೆ ಜಾಗವೇ ಇರುವುದಿಲ್ಲ. ಆಗ 16 ಜಾಸ್ತಿ ಇದ್ದರೆ ಮೀನಿನದು, 18 ಜಾಸ್ತಿ ಇದ್ದರೆ ನಾನು ಹಾಕಿದ್ದು. ಬರೀ 2 ಡಾಲ್ಟನ್ ವ್ಯತ್ಯಾಸ. ಹಾಗಾಗಿ ಹಗುರ ಪೆಪ್ಟೈಡ್‌ನ ಸಹಜ ಐಸೋಟೋಪ್ ಪೀಕುಗಳು (ಅದರಲ್ಲೇ ಇರುವ ಭಾರದ ಪರಮಾಣುಗಳಿಂದ ಬರುವವು) ಭಾರದ್ದರ ಮೇಲೆ ಬಂದು ಕೂರುತ್ತವೆ. ಆ ಪಾಲನ್ನು ಲೆಕ್ಕ ಹಾಕಿ ಕಳೆಯಲೇಬೇಕು.

ಮೆಷಿನ್ ಬೆಂಗಳೂರಿನಲ್ಲಿತ್ತು. ಒಣಗಿಸಿದ ಪೆಪ್ಟೈಡ್‌ಗಳನ್ನು ಡ್ರೈ ಐಸ್‌ನಲ್ಲಿಟ್ಟು ಕಳಿಸುತ್ತಿದ್ದೆ. ಡೇಟಾ ಬಂದಾಗ ಸಾಫ್ಟ್‌ವೇರ್ ಕೊಟ್ಟ ಪಟ್ಟಿಯನ್ನು ಸುಮ್ನೆ ಒಪ್ಪಿಕೊಳ್ಳುತ್ತಿರಲಿಲ್ಲ. ಬಂಗುಡೆಯ ಜೊತೆಗೆ ಅದರ ಹತ್ತಿರದ ಮೀನುಗಳ ಪ್ರೋಟೀನ್ ಸೀಕ್ವೆನ್ಸ್‌ಗಳಲ್ಲೂ ಹುಡುಕುತ್ತಿದ್ದೆ. ಏಕೆಂದರೆ ಅಲಾನಿನ್ ಎಂಬ ಅಮೈನೋ ಆಮ್ಲ ಇದ್ದ ಕಡೆ ಸೆರಿನ್ ಎಂಬ ಇನ್ನೊಂದು ಇದ್ದರೂ ಜಾಸ್ತಿಯಾಗುವುದು ಒಂದು ಆಕ್ಸಿಜನ್ನೇ. ತೂಕ ಎಷ್ಟೇ ನಿಖರವಾಗಿ ಅಳೆದರೂ ಎರಡೂ ಒಂದೇ.

ಮೆಷಿನ್ ಪೆಪ್ಟೈಡ್ ಅನ್ನು ಒಡೆದಾಗ ಬರುವ ತುಣುಕುಗಳನ್ನು ನೋಡಿದರೆ ಮಾತ್ರ ಇದು ಬಗೆಹರಿಯುತ್ತದೆ. ಆಕ್ಸಿಜನ್ ಸೇರಿದ ಮಿಥಿಯೋನಿನ್ ಒಡೆಯುವಾಗ 64 ಡಾಲ್ಟನ್ ಕಳೆದುಕೊಳ್ಳುತ್ತದೆ. ಭಾರದ ಆಕ್ಸಿಜನ್ ಇದ್ದರೆ 66. ಸೆರಿನ್‌ನಲ್ಲಿ ಇಂಥದ್ದು ಕಾಣುವುದಿಲ್ಲ. ಈ ಗುರುತು ಕಾಣದ ಯಾವ ಜಾಗವನ್ನೂ ನಾನು ಟೇಬಲ್‌ಗೆ ಸೇರಿಸಲಿಲ್ಲ. ಪಟ್ಟಿ ಚಿಕ್ಕದಾಯಿತು, ಆದರೆ ಅದರಲ್ಲಿರುವ ಒಂದೊಂದರ ಸ್ಪೆಕ್ಟ್ರಮ್ಮನ್ನೂ ಯಾರು ಕೇಳಿದರೂ ತೆರೆದು ತೋರಿಸಬಲ್ಲೆ.